ಕಂಬಳಿ ಹಾಸಿದ ಕಾರು

ಒಡಹುಟ್ಟಿದವನ ಮನೆಯ ಮುಂದೆ ಹೊಸ ಕಾರು ಬಂದು ನಿಂತ ದಿನ ನೀವು ಹೊಟ್ಟೆ ತುಂಬ ಉಂಡಿರಾ? ‘ಅವನ ಏಳಿಗೆಯೇ ನನ್ನ ಏಳಿಗೆ’ ಎಂದು ನಿಮ್ಮ ನಾಲಗೆ ಹೇಳುತ್ತಿದ್ದಾಗ ಹೊಟ್ಟೆ ಬೇರೇನನ್ನೋ ಹೇಳುತ್ತಿರಲಿಲ್ಲವೇ? ತಲೆ ತಗ್ಗಿಸಬೇಡಿ. ಅಸೂಯೆಯನ್ನು ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ. ಆದರೂ ಆ ವಿಷಯದಲ್ಲಿ ನಪಾಸಾದವರು ಈ ಲೋಕದಲ್ಲಿ ಯಾರೂ ಇದ್ದಂತಿಲ್ಲ. ತಮಿಳುನಾಡಿನ ತೇನಿ ಸೀಮೆಯ ಗೂಡಲೂರಿನ ಪಕ್ಕದ ಹಳ್ಳಿಯ ದ್ರಾಕ್ಷಿ ಬೆಳೆಗಾರ ಪೆರಿಯಸಾಮಿಯಂತೂ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವನು.

ಅವನಲ್ಲಿ ಇಡೀ ಕಂಬಂ ಕಣಿವೆಯಲ್ಲೇ ಇಲ್ಲದ ಒಂದು ಕಾರಿತ್ತು. ಬೆಟ್ಟದ ಮೇಲಿನ ಚಹಾ ತೋಟದಲ್ಲಿ ಇಂಗ್ಲಿಷ್ ದೊರೆಯೊಬ್ಬ ಬಿಟ್ಟುಹೋಗಿದ್ದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಆಸನ, ಹಿಂದಕ್ಕೆ ಮಡಚುವ ಮಾಡು, ಮೊಸಳೆಯ ಹಾಗೆ ಉದ್ದವಾದ ಮೂತಿ. ಗೇರು ಬದಲಿಸಿದಾಗ ಅದು ಸಂಗೀತ ಕಚೇರಿಗೆ ಮುನ್ನ ಗಂಟಲು ಸರಿಮಾಡಿಕೊಳ್ಳುವ ವಿದ್ವಾಂಸನಂತೆ ಕೆಮ್ಮುತ್ತಿತ್ತು. ಪೆರಿಯಸಾಮಿ ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಅವನು ಅದರಿಂದ ತೃಪ್ತನಾಗಿಯೂ ಇದ್ದ. ಆದರೆ ಪಕ್ಕದ ಮನೆಯಲ್ಲಿದ್ದ ತಮ್ಮ ಮುತ್ತುಕುಮಾರ್ ಒಂದು ದೊಡ್ಡ ಬಿಳಿ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಅಂದೇ ಅಣ್ಣನ ತೃಪ್ತಿಗೆ ತುಕ್ಕು ಹಿಡಿಯಿತು.

ಇವರಿಬ್ಬರ ನಡುವೆ ಹುಟ್ಟಿದವಳು ಸುಬ್ಬುಲಕ್ಷ್ಮಿ. ಅವಳ ಮಗಳು ಯುವಶ್ರೀಯ ಮದುವೆ ಹತ್ತಿರ ಬಂದಿತ್ತು. ಮದುಮಗಳನ್ನು ಮನೆಯಿಂದ ಕಂಬಂನ ಕಲ್ಯಾಣಮಂಟಪಕ್ಕೆ ಸೋದರಮಾವನೇ ತನ್ನ ಬಂಡಿಯಲ್ಲಿ ಕರೆದೊಯ್ಯಬೇಕೆಂಬುದು ಅವರ ಕುಲದ ವಾಡಿಕೆ. ಮಾವಂದಿರು ಇಬ್ಬರು, ಮದುಮಗಳು ಒಬ್ಬಳು. ಯಾರ ಕಾರೆಂಬುದನ್ನು ಸುಬ್ಬುಲಕ್ಷ್ಮಿ ಇನ್ನೂ ಹೇಳಿರಲಿಲ್ಲ. ಒಂದು ಸಂಜೆ ಬಂದು ಎರಡೂ ಕಾರುಗಳಿಗೆ ಸುತ್ತುಹಾಕಿ ನೋಡಿದವಳು, ಕೆಂಪು ಕಾರಿನೊಳಗೆ ಇಣುಕಿ ಒಂದೇ ಮಾತು ಆಡಿದ್ದಳು:

“ಅಣ್ಣಾ, ಎಲ್ಲ ಚೆಂದ್ವೇ. ಕಾಲ್ ಇಡೋ ಜಾಗ ಮಾತ್ರ ತಗ್ಡು ತಗ್ಡಾಗದೆ ನೋಡು. ತಂಬಿ ಕಾರಲ್ಲಿ ಕಾಲು ಹಂಗೇ ಮೆತ್ತ್‌ಗೆ ಹೂತೋಗ್ತದೆ. ಸರಿ, ನಾಳೆ ಸಾಯಂಗಾಲ ಬಂದು ಯೋಳ್ತೀನಿ.”

ಅಷ್ಟೇ. ಆಸ್ತಿ ಕೇಳಿದ ಮಾತಲ್ಲ, ಬೈದ ಮಾತೂ ಅಲ್ಲ. ವಿವೇಕಿಯಾದವನು ‘ಹೌದಮ್ಮ’ ಎಂದು ನಕ್ಕು ಸುಮ್ಮನಾಗುತ್ತಿದ್ದ. ಆದರೆ ಅಸೂಯೆ ಹೊಕ್ಕ ಮನಸ್ಸಿಗೆ ವಿವೇಕವೆಂಬುದು ಬಾಡಿಗೆದಾರ. ಮಾಲೀಕ ಬಂದೊಡನೆ ಮನೆ ಖಾಲಿಮಾಡುತ್ತದೆ. ‘ತಂಬಿ ಕಾರಲ್ಲಿ’ ಎಂಬ ಎರಡು ಪದಗಳು ಪೆರಿಯಸಾಮಿಯ ಕಿವಿಯಲ್ಲಿ ರಾತ್ರಿಯಿಡೀ ಜೀರುಂಡೆಯಂತೆ ಕೊರೆದವು. ಬೆಳಗಾಗುವುದರೊಳಗೆ ಅವನು ನಿಶ್ಚಯಿಸಿದ್ದ: ಸಂಜೆ ತಂಗಿ ಬರುವಷ್ಟರಲ್ಲಿ ಕಾರಿನ ನೆಲಕ್ಕೆ ಹೊಸ ಕಾರ್ಪೆಟ್ ಕೂರಿಸಿಬಿಡಬೇಕು.

ತೇನಿಯಲ್ಲಿ ಸೀಟ್ ಕವರ್ ಅಂಗಡಿ ಇಟ್ಟಿದ್ದ ವಿಘ್ನೇಶ್ವರನ್ ಬೆಳಿಗ್ಗೆಯ ಬಸ್ಸಿನಲ್ಲೇ ಬಂದಿಳಿದ. ಹೆಗಲ ಮೇಲೆ ದಿಂಡುಗಲ್ಲಿನಿಂದ ತರಿಸಿದ ದಪ್ಪನೆಯ ಕಪ್ಪು ಕಾರ್ಪೆಟ್ಟಿನ ಸುರುಳಿ, ಕೈಯಲ್ಲಿ ಅಂಟಿನ ಡಬ್ಬ. ಬೇವಿನ ಮರದಡಿ ಕಾರನ್ನು ನಿಲ್ಲಿಸಿ, ಮಾಡು ಮಡಚಿ, ಆಸನಗಳ ಬೋಲ್ಟು ಬಿಚ್ಚತೊಡಗಿದರು. ಬೋಲ್ಟುಗಳು ದೊರೆಯ ಕಾಲದ ತುಕ್ಕಿನಲ್ಲಿ ಹುದುಗಿ ಕುಳಿತಿದ್ದವು. ಒಂದೊಂದೂ ಹಲ್ಲು ಕಿತ್ತಂತೆ ಚೀರುತ್ತ ಹೊರಬಂದಿತು. ಆಸನಗಳೆರಡನ್ನೂ ಹೊತ್ತು ಜಗುಲಿಯ ಮೇಲಿಟ್ಟಾಗ, ತೋಟಕ್ಕೆ ಹೊರಟಿದ್ದ ಮೂಕಯ್ಯ ದಾರಿಯಲ್ಲೇ ನಿಂತ. ಹೆಸರು ಮೂಕಯ್ಯನಾದರೂ ಊರಿನ ಸುದ್ದಿಯೆಲ್ಲ ಹರಡುತ್ತಿದ್ದುದು ಅವನ ಬಾಯಿಂದಲೇ.

“ಏನ್ ಪಾಂಡೀಸ್ವರಿ, ಕಾರ್ ಹೊಟ್ಟೆ ಬಗ್ದು ಕರುಳೆಲ್ಲ ಆಚೆ ಹಾಕವ್ರೆ? ಆಪ್ರೇಸನ್ನಾ?” ಎಂದು ಪೆರಿಯಸಾಮಿಯ ಹೆಂಡತಿಯನ್ನು ಕೇಳಿದ.

ಪಾಂಡೀಶ್ವರಿ ರಂಗೋಲಿಯಿಂದ ತಲೆಯೆತ್ತದೆ ಹೇಳಿದಳು: “ಇಲ್ಲ ಚಿಕ್ಕಪ್ಪಾ. ನಮ್ಮೋರು ಕಂಬಳಿ ಹಾಸ್ತಾವ್ರೆ.”

“ಕಂಬಳಿಯಾ! ಇವತ್ತೇವಾ?”

“ಹೂಂ. ಸಾಯಂಗಾಲ ನಾದಿನಿ ಬರೋದ್ರೊಳ್ಗೆ ಆಗ್ಬೇಕಂತೆ.”

ಇಲ್ಲಿ ಪಾಂಡೀಶ್ವರಿಯ ತಪ್ಪೇನೂ ಇಲ್ಲ. ಶತಮಾನಗಳ ಹಿಂದೆ ಕನ್ನಡ ನಾಡನ್ನು ಬಿಟ್ಟು ಬಂದು ಈ ಕಣಿವೆಯಲ್ಲಿ ನೇಗಿಲು ಊರಿದ ಜನ ಅವರು. ಹೊರಗೆ ತಮಿಳು, ಒಳಗೆ ಕನ್ನಡ. ಆ ಮನೆಮಾತಿನಲ್ಲಿ ನೆಲಕ್ಕೆ ಹಾಸುವ ದಪ್ಪನೆಯದೆಲ್ಲವೂ ಕಂಬಳಿಯೇ. ಆದರೆ ‘ಕಂಬಳಿ ಹಾಸುವುದು’ ಎಂದರೆ ಅವರಲ್ಲಿ ಬೇರೆಯೇ ಅರ್ಥ. ಕುಲದಲ್ಲಿ ಜಗಳವೆದ್ದಾಗ ಹಿರಿಯನೊಬ್ಬ ಮರದ ನೆರಳಲ್ಲಿ ಕರಿಕಂಬಳಿ ಹಾಸಿ, ಬೇವಿನ ಸೊಪ್ಪಿಟ್ಟ ನೀರಿನ ಕಲಶವನ್ನು ಅದರ ಮೇಲಿರಿಸಿ ಕುಳಿತನೆಂದರೆ ನ್ಯಾಯಕೂಟ ಸೇರಿತೆಂದೇ ಲೆಕ್ಕ. ಅದರ ಮೇಲೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವಂತಿಲ್ಲ. ಜನ ಪೊಲೀಸ್ ಠಾಣೆಯ ದಾರಿ ಕಲಿತ ಮೇಲೆ ಊರಲ್ಲಿ ಕಂಬಳಿ ಹಾಸುವವರೇ ಇಲ್ಲವಾಗಿದ್ದರು. ಇತ್ಯರ್ಥವಾಗದ ಜಗಳಗಳು ಮಾತ್ರ ಮನೆಮನೆಯಲ್ಲೂ ಉಪ್ಪಿನಕಾಯಿಯಂತೆ ಕಳಿಯುತ್ತಿದ್ದವು.

ಮೂಕಯ್ಯ ತೋಟದ ದಾರಿ ಬಿಟ್ಟು ಊರೊಳಕ್ಕೆ ತಿರುಗಿದ.

ಇತ್ತ ಕೆಲಸ ಭರದಿಂದ ಸಾಗಿತ್ತು. ಕಾರಿನ ನಡುವೆ ಗೇರುಪೆಟ್ಟಿಗೆಯನ್ನು ಮುಚ್ಚಿದ ಉದ್ದನೆಯ ದಿಬ್ಬವೊಂದಿತ್ತು. ವಿಘ್ನೇಶ್ವರನ್ ರಟ್ಟಿನಲ್ಲಿ ಅದರ ಅಚ್ಚು ಕತ್ತರಿಸಿ, ಅಚ್ಚನ್ನು ಕಾರ್ಪೆಟ್ಟಿನ ಮೇಲಿಟ್ಟು, ಸೀಮೆಸುಣ್ಣದಲ್ಲಿ ಗೆರೆಯೆಳೆದು ಕತ್ತರಿ ಆಡಿಸಿದ. ತಗಡಿಗೆ ತುಕ್ಕು ತಡೆಯುವ ಬಣ್ಣ ಬಳಿದು, ಅದು ಒಣಗಿದ ಮೇಲೆ ಅಂಟು ಸವರಿ, ಕಾರ್ಪೆಟ್ಟನ್ನು ಮೂಲೆಮೂಲೆಗೂ ಒತ್ತಿ ಕೂರಿಸಿದ. ಪೆರಿಯಸಾಮಿಯ ಕಣ್ಣು ಮಾತ್ರ ಪಕ್ಕದ ಮನೆಯ ಮಹಡಿಯ ಮೇಲಿತ್ತು. ಅಲ್ಲಿ ಮುತ್ತುಕುಮಾರ್ ಹಲ್ಲುಜ್ಜುವ ನೆಪದಲ್ಲಿ ಬಹಳ ಹೊತ್ತಿನಿಂದ ನಿಂತಿದ್ದ. ಅಷ್ಟು ಹೊತ್ತು ಉಜ್ಜಿದರೆ ಆನೆಯ ದಂತವೂ ಸವೆದೀತು.

“ಏನಣ್ಣಾ, ಕಾರಿಗೆ ಕಂಬಳಿಯಾ? ಚಳಿಯಾ ಅದ್ಕೆ?” ಎಂದು ತಮ್ಮ ಮೇಲಿನಿಂದ ಕೂಗಿದ.

“ಚಳಿ ನಂಗಿಲ್ಲಪ್ಪಾ. ಕೆಲವ್ರಿಗೆ ಹೊಟ್ಟೇಲಿ ಸೆಕೆ ಅಂತ ಕೇಳ್ದೆ,” ಎಂದ ಅಣ್ಣ.

ಮುತ್ತುಕುಮಾರ್ ಉಗುಳಿ ಒಳಗೆ ಹೋದ. ಪೆರಿಯಸಾಮಿಗೆ ತಮ್ಮ ಸೋತನೆಂದು ಅನ್ನಿಸಿತು. ತಮ್ಮನ ಹೊಟ್ಟೆ ಉರಿಯುತ್ತಿರುವುದನ್ನು ಕಂಡು ತನ್ನ ಹೊಟ್ಟೆ ತಂಪಾಯಿತೆಂದು ಅವನು ನಂಬಿದ. ಎಂಥ ನೀಚ ಸುಖ! ಆದರೂ ಎಷ್ಟು ಸಾಮಾನ್ಯವಾದ ಸುಖ!

ಮಧ್ಯಾಹ್ನದ ಹೊತ್ತಿಗೆ ನೆಲವೂ ದಿಬ್ಬವೂ ಮುಗಿದು, ಆಸನಗಳ ಬೆನ್ನಹಿಂದೆ ಬರುವ ಗೋಡೆಯಂಥ ತಗಡೊಂದೇ ಉಳಿಯಿತು. ವಿಘ್ನೇಶ್ವರನ್ ಅದಕ್ಕೆ ಅಂಟು ಬಳಿದು ಕೈಯೊರೆಸಿಕೊಂಡ.

“ಅಣ್ಣೇ, ನಾನ್ ಸಾಪ್ಪಿಟ್ಟು ವರೇನ್. ಗಮ್ಮು ಕಾಯಣುಂ. ತೊಡಾದೀಂಗ!” ಎಂದು ತಮಿಳಿನಲ್ಲಿ ಎಚ್ಚರಿಸಿ ಊಟಕ್ಕೆ ನಡೆದ. ಅಂಟು ಆರಬೇಕು, ಮುಟ್ಟಬೇಡಿ, ಎಂದು. ಇದು ಅರ್ಥವಾಗದ ಮಾತೇನಲ್ಲ.

ಆದರೆ ಅದೇ ಗಳಿಗೆಯಲ್ಲಿ ಮುತ್ತುಕುಮಾರ್ ಮತ್ತೆ ಮಹಡಿಗೆ ಬಂದ. ಅವನು ಬಂದ ಮೇಲೆ ಪೆರಿಯಸಾಮಿ ಸುಮ್ಮನೆ ನಿಲ್ಲುವುದುಂಟೇ? ಚಪ್ಪಲಿ ಕಳಚಿ, ಪಂಚೆ ಎತ್ತಿಕಟ್ಟಿ ಕಾರಿನೊಳಗಿಳಿದ. ಆಸನಗಳಿಲ್ಲದ ಮೆತ್ತನೆಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ. “ಆಹಾ, ಹತ್ತಿ ಇದ್ದಂಗದೆ!” ಎಂದು ಮಹಡಿಗೆ ಕೇಳುವಂತೆ ಉದ್ಗರಿಸಿದ. ಮಹಾರಾಜನ ಗತ್ತಿನಲ್ಲಿ ಹಿಂದಕ್ಕೆ ಒರಗಿದ.

ಒರಗಿದ ಮೇಲೆ ಮುಂದಕ್ಕೆ ಬರಲಾಗಲಿಲ್ಲ.

ಅಂಗಿಯ ಬೆನ್ನು ಮೇಲಿನಿಂದ ಕೆಳಗಿನವರೆಗೆ ತಗಡಿಗೆ ಕಚ್ಚಿಕೊಂಡಿತ್ತು. ಅಂಗಿಯ ಕೆಳಗೆ ಪಂಚೆಯ ಸೊಂಟವೂ ಅಂಟಿತ್ತು. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ಪಂಚೆ ಸಡಿಲವಾಯಿತೇ ಹೊರತು ಅವನು ಸಡಿಲವಾಗಲಿಲ್ಲ. ಹೆಂಡತಿಯನ್ನು ಕೂಗಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಜನ ಕಾಣಿಸಿದರು.

ಮುಂದೆ ಕಾಳಿಯಮ್ಮಾಳ್. ಅವನ ತಂದೆಯ ಅಕ್ಕ, ಕುಲದಲ್ಲೇ ಹಿರಿಯ ಮುದುಕಿ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬೇವಿನ ಸೊಪ್ಪು ಇಟ್ಟ ಹಿತ್ತಾಳೆ ಚೊಂಬು. ಅವಳ ಹಿಂದೆ ಮೂಕಯ್ಯ; ಮೂಕಯ್ಯನ ಹಿಂದೆ ಅರ್ಧ ಊರು.

ಮುದುಕಿ ಕಾರಿನ ಬಳಿ ಬಂದು, ಕಪ್ಪು ಹಾಸಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಅಲುಗಾಡದೆ ಕುಳಿತ ಸೋದರಳಿಯನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಾಡಿತು.

“ಯಪ್ಪಾ ಪೆರಿಯಸಾಮಿ! ನಮ್ಮಪ್ಪ ಕಂಬಳಿ ಮೇಲ್ ಕೂತಂಗೇ ಕೂತಿದ್ದೀಯಲ್ಲೋ! ಹಂಗೇ ನಿಮಿರ್ಕೊಂಡು!”

“ಅತ್ತೇ, ಅದು... ನಾ ಸುಮ್ಕೆ...”

“ಎದ್ದೇಳ್ಬೇಡ! ಕೂತೋನು ಕೂಟ ಮುಗಿಯೋಗಂಟ ಏಳ್ಬಾರ್ದು,” ಎನ್ನುತ್ತ ಅವಳು ಚೊಂಬನ್ನು ನಡುವಿನ ದಿಬ್ಬದ ಮೇಲಿಟ್ಟಳು. ಆ ದಿಬ್ಬವನ್ನು ಇಂಗ್ಲಿಷರು ಕಲಶಕ್ಕೆಂದೇ ಮಾಡಿಸಿದ್ದರೇನೋ ಎಂಬಂತೆ ಚೊಂಬು ಅಲ್ಲಿ ಒಪ್ಪಿ ಕುಳಿತಿತು.

ಜನ ಕಾರಿನಿಂದಾಚೆಗೆ ಚಪ್ಪಲಿ ಬಿಟ್ಟು ಕೈಮುಗಿದರು. ಆಗ ಪೆರಿಯಸಾಮಿ ‘ಇದು ಕಾರ್ಪೆಟ್ಟು, ನಾನು ಅಂಟಿಕೊಂಡಿದ್ದೇನೆ’ ಎಂಬ ಒಂದು ಸತ್ಯವಾಕ್ಯ ನುಡಿದಿದ್ದರೆ ಎಲ್ಲವೂ ನಗೆಯಲ್ಲಿ ಮುಗಿಯುತ್ತಿತ್ತು. ನುಡಿಯಲೆಂದೇ ಅವನು ತಲೆಯೆತ್ತಿದ. ಆದರೆ ಮಹಡಿಯ ಮೇಲೆ ತಮ್ಮ ಬಾಯಿ ತೆರೆದು ನಿಂತಿದ್ದ. ಇಡೀ ಊರು ಅಣ್ಣನಿಗೆ ಕೈಮುಗಿಯುವುದನ್ನು ನೋಡುತ್ತಿದ್ದ. ಪೆರಿಯಸಾಮಿ ಸತ್ಯವನ್ನು ನುಂಗಿ, ಗಂಟಲು ಸರಿಮಾಡಿಕೊಂಡು, “ಹೂಂ. ಯೋಳ್ರಿ,” ಎಂದ.

ಮೊದಲು ಮೂಕಯ್ಯನೇ ಬಂದ. ಅವನ ದ್ರಾಕ್ಷಿ ಬಳ್ಳಿ ಪಕ್ಕದ ಇಂದುಜಾಳ ಚಪ್ಪರಕ್ಕೆ ಹಬ್ಬಿತ್ತು. ಹಣ್ಣನ್ನು ಅವಳು ಕೊಯ್ದಿದ್ದಳು.

“ಬೇರು ನಂದು, ಬಳ್ಳಿ ನಂದು, ಹಣ್ಣು ಮಾತ್ರ ಇವಳ್ದಾ?” ಎಂದು ಅವನು ಗುಡುಗಿದ.

“ಐಯೋ ಸಾಮಿ, ನೋಡ್ರಪ್ಪಾ ಮಾತ! ನನ್ ಚಪ್ರುದ್ ಮೇಲೆ ಕಾಲ್ ಚಾಚ್ಕೊಂಡು ಮಲ್ಗಿರೋದು ಇವ್ನ ಬಳ್ಳಿ. ಬಾಡ್ಗೆ ಕೊಟ್ಟೈತಾ?” ಎಂದಳು ಇಂದುಜಾ.

ಪೆರಿಯಸಾಮಿಯ ಪಂಚೆ ಆಗ ಇನ್ನೊಂದು ಸುತ್ತು ಸಡಿಲವಾಯಿತು. ಅದನ್ನು ಮೊಣಕೈಯಿಂದ ಒತ್ತಿ ಹಿಡಿದು, ಬೇಗ ಮುಗಿಸಬೇಕೆಂಬ ಒಂದೇ ಉದ್ದೇಶದಿಂದ ಹೇಳಿದ: “ಈ ಸಲದ್ ಹಣ್ಣು ಅವಳ್ದು. ಬಳ್ಳೀನ ನೀ ಇವತ್ತೇ ಬಿಡಿಸಿ ಈಕಡೆ ತಿರ್ಗಿಸ್ಕೋ. ಮುಂದಿನ್ ಸಲ ನಿಂದು. ಹೋಗು!”

ಜನರಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು.

“ಅಪ್ಪಾಡಿ! ಕೋರ್ಟಲ್ಲಾಗಿದ್ರೆ ಬಳ್ಳಿ ಒಣ್ಗಿ ಸೌದೆಯಾಗ್ತಿತ್ತು,” ಎಂದಿತು ಒಂದು ಕಂಠ. “ಮುಖ ನೋಡು, ಎಷ್ಟು ಗಂಭೀರ. ಒಂದಿಷ್ಟೂ ಅಲ್ಗಾಡ್ತಾ ಇಲ್ಲ,” ಎಂದಿತು ಇನ್ನೊಂದು.

ಹೊಗಳಿಕೆ ಎಂಬುದು ಎಂಥ ಹೆಂಡ ನೋಡಿ! ಅಂಟಿಕೊಂಡವನಿಗೆ ತಾನು ಅಂಟಿಕೊಂಡಿದ್ದೇನೆಂಬುದೇ ಮರೆತುಹೋಯಿತು. ಕೋಳಿಯ ಜಗಳ, ಕಾಲುವೆ ನೀರಿನ ಜಗಳ, ಸಾಲಾಗಿ ಬಂದವು. ಅವನು ಒಂದೊಂದಾಗಿ ತೀರ್ಪು ಕೊಟ್ಟ. ಕೆಂಪು ಕಾರು ಊರಿನ ಕಣ್ಣಿಗೆ ದೇವಸ್ಥಾನವಾಯಿತು. ಈ ಕಾರನ್ನು ಬಿಟ್ಟು ತಂಗಿ ಬೇರೆ ಕಾರನ್ನು ಹೇಗೆ ಆರಿಸಿಯಾಳು ಎಂದು ಅವನು ಒಳಗೊಳಗೇ ಹಿಗ್ಗಿದ.

ಅಷ್ಟರಲ್ಲಿ ಸುಬ್ಬುಲಕ್ಷ್ಮಿ, ಸಂಜೆಯವರೆಗೂ ಕಾಯಲಾರದೆ, ಮಗಳು ಯುವಶ್ರೀಯೊಡನೆ ಬಂದು ಗುಂಪಿನ ಹಿಂದೆ ನಿಂತಳು. ಏನೋ ಹೇಳಲು ಕೈಯೆತ್ತಿದಳು. ಕೂಟದ ನಡುವೆ ಮಾತಾಡಬಾರದೆಂದು ಕಾಳಿಯಮ್ಮಾಳ್ ಕಣ್ಣಲ್ಲೇ ಗದರಿದಳು. ಅದೇ ವೇಳೆಗೆ ಗುಂಪು ಸೀಳಿಕೊಂಡು ಮುತ್ತುಕುಮಾರ್ ಮುಂದೆ ಬಂದ. ಬರಿಗಾಲು, ಮುಗಿದ ಕೈ.

“ನಂದೂ ಒಂದ್ ನ್ಯಾಯ ಅದೆ ಅಣ್ಣಾ. ನಾವಿಬ್ರೂ ತಾಯ್‌ಮಾಮಂದ್ರು. ನಮ್ ಯುವಶ್ರೀ ಯಾರ ಕಾರಲ್ಲಿ ಹೋಗ್ಬೇಕು? ಅಕ್ಕ ಪಾಪ ಹೇಳಕ್ಕಾಗ್ದೆ ಒದ್ದಾಡ್ತಾಳೆ. ನೀನೇ ಯೋಳು. ನೀ ಯೋಳಿದ್ದು ನಂಗೆ ಸಮ್ಮತ.”

ಪೆರಿಯಸಾಮಿಗೆ ಬೆಟ್ಟದ ಮೇಲಿನ ಮೋಡವೇ ಮಡಿಲಿಗೆ ಇಳಿದಂತಾಯಿತು. ‘ನನ್ನ...’ ಎಂದು ಬಾಯಿ ತೆರೆದ. ಕಾಳಿಯಮ್ಮಾಳ್ ಕೋಲು ಕುಟ್ಟಿದಳು.

“ಶ್ಶೂ! ಕಂಬಳಿ ಮೇಲ್ ಕೂತೋನು ತನ್ ಬಾಯಿಂದ ತನ್ ಹೆಸ್ರು ಯೋಳ್ಕೋಬಾರ್ದು. ಅದು ನಮ್ ಹಳೇ ಕಟ್ಲೆ. ಯೋಚ್ನೆ ಮಾಡಿ ಯೋಳು.”

ಧರ್ಮದ ಕಟ್ಟಳೆಗಳು ಇರುವುದು ಮನುಷ್ಯನ ಸ್ವಾರ್ಥಕ್ಕೆ ಬೇಲಿ ಹಾಕಲೆಂದು. ಆದರೆ ಆಡು ಬೇಲಿಯನ್ನು ನೋಡುವುದೇ ಸಂದು ಎಲ್ಲಿದೆಯೆಂದು. ಪೆರಿಯಸಾಮಿ ಕಣ್ಣು ಮುಚ್ಚಿದ. ತನ್ನ ಹೆಸರು ಹೇಳಬಾರದು, ತಮ್ಮನ ಹೆಸರು ಹೇಳಲು ಮನಸ್ಸಿಲ್ಲ. ಬಹಳ ಹೊತ್ತಿನ ಮೇಲೆ ಅವನ ಮುಖದಲ್ಲಿ ನರಿಯ ನಗುವೊಂದು ಮೂಡಿತು.

“ನಾ ಯಾರ ಹೆಸ್ರೂ ಯೋಳಲ್ಲ ಅತ್ತೆ. ನಮ್ ಕುಲದ್ ಹೆಣ್ಣು ನಮ್ ಕುಲದ್ ಮರ್ಯಾದೆಯಾಗೇ ಹೋಗ್ಲಿ. ಯಾವ್ ಕಾರಲ್ಲಿ ಕಂಬಳಿ ಹಾಸೈತೋ, ಆ ಕಾರಲ್ಲೇ ಅವಳು ಹೋಗ್ಬೇಕು. ಇದೇ ನನ್ ತೀರ್ಪು!”

ಜನ ಚಪ್ಪಾಳೆ ತಟ್ಟಿದರು. ಮುತ್ತುಕುಮಾರ್ ತಲೆ ತಗ್ಗಿಸಿದ. ಕಾಳಿಯಮ್ಮಾಳ್ ತೃಪ್ತಿಯಿಂದ, ಮನೆಯೊಳಗಿಂದ ತರಿಸಿದ ತಟ್ಟೆಯಲ್ಲಿ ಕರ್ಪೂರ ಹಚ್ಚಿ, ತೀರ್ಪು ಉರಿಯ ಸಾಕ್ಷಿಯಾಗಿ ನಿಂತಿತೆಂದು ಸೋದರಳಿಯನ ಮುಂದೆ ಹಿಡಿದಳು. ಕರ್ಪೂರಕ್ಕೆ ಕೈಯೊಡ್ಡಲು ಅವನು ಬಾಗಬೇಕಿತ್ತು. ಬಾಗಲು ಬೆನ್ನು ಬಿಡಲಿಲ್ಲ. ಕೈಗಳನ್ನಷ್ಟೇ ಜೋರಾಗಿ ಮುಂದೆ ಚಾಚಿದ. ಬೆರಳು ತಟ್ಟೆಯ ಅಂಚಿಗೆ ಬಡಿಯಿತು. ಉರಿಯುವ ಕರ್ಪೂರ ಕಾರಿನೊಳಗಿನ ಕಪ್ಪು ಹಾಸಿನ ಮೇಲೆ ಬಿತ್ತು.

ಪಾಂಡೀಶ್ವರಿ ಓಡಿಬಂದು ಕಲಶದ ನೀರನ್ನೇ ಸುರಿದು ಆರಿಸಿದಳು. ಬೆಂಕಿ ಆರಿತು. ವಾಸನೆ ಎದ್ದಿತು.

ಕಾಳಿಯಮ್ಮಾಳ್ ಮೂಗು ಅರಳಿಸಿದಳು. “ಕುರಿ ಕೂದ್ಲು ಸುಟ್ ವಾಸ್ನೆ ಬರ್ಬೇಕಲ್ಲಾ. ಇದೇನ್ಲಾ, ಪ್ಲಾಸ್ಟಿಕ್ ಕೊಡ ಸುಟ್ಟಂಗೈತೆ?”

ಊಟ ಮುಗಿಸಿ ಬಂದ ವಿಘ್ನೇಶ್ವರನ್ ಗುಂಪನ್ನು ತಳ್ಳಿಕೊಂಡು ಒಳನುಗ್ಗಿದವನೇ ಕರಗಿ ತೂತಾದ ನೆಲವನ್ನು ಕಂಡು ತಲೆಗೆ ಕೈಹೊತ್ತ. “ಐಯೈಯೋ! ನೈಲಾನ್ ಮೇಲ ಕರ್ಪೂರಮಾ? ನಲ್ಲ ಕಾರ್ಪೆಟ್ಟು ಅಣ್ಣೇ!”

ಆ ಎರಡು ಪದಗಳಿಗೆ ಯಾವ ಭಾಷೆಯಲ್ಲೂ ಅನುವಾದ ಬೇಕಿರಲಿಲ್ಲ. ನೈಲಾನ್. ಕಾರ್ಪೆಟ್ಟು. ಇಡೀ ಊರಿನ ಕಣ್ಣು ಪೆರಿಯಸಾಮಿಯ ಮೇಲೆ ಬಿತ್ತು.

“ಹಂಗಾದ್ರೆ... ಹಂಗಾದ್ರೆ ತೀರ್ಪೇ ಇಲ್ಲ!” ಎಂದು ಅವನು ತೊದಲಿದ. “ಯಾವ್ ಕಾರಲ್ಲೂ ಕಂಬಳಿ ಇಲ್ಲ ಅಂದ್ಮೇಲೆ...”

“ಅದೆ ಅಣ್ಣಾ,” ಎಂದ ಮುತ್ತುಕುಮಾರ್.

ಅವನ ಮುಖದಲ್ಲಿ ಗೆಲುವಿರಲಿಲ್ಲ, ನಾಚಿಕೆಯಿತ್ತು. “ನೀ ಕಾರಿಗೆ ಕಂಬಳಿ ಹಾಸ್ತೀಯ ಅಂತ ಬೆಳಿಗ್ಗೆ ಕೇಳ್ದೆ ನೋಡು, ನನ್ ಹೊಟ್ಟೇಲಿ ಬೆಂಕಿ ಬಿತ್ತು. ಹಲ್ಲುಜ್ಜಿದ್ ಬಾಯಿ ಕೂಡ ತೊಳೀಲಿಲ್ಲ. ಆಂಡಿಪಟ್ಟಿ ಮಾವನ್ ಮನೆಗೆ ಪೋನ್ ಹಾಕಿ, ಕುರಿ ಉಣ್ಣೇದು, ನಿಜ್ವಾದ್ದು, ಬಸ್ಸಲ್ಲಿ ತರ್ಸಿ, ನನ್ ಕಾರಲ್ಲೂ ಹಾಸ್ಬಿಟ್ಟೆ. ನೀ ಹಿಂಗ್ ತೀರ್ಪು ಕೊಡ್ತೀಯಂತ ನಂಗೇನ್ ಗೊತ್ತು?”

ಮೂಕಯ್ಯ ಓಡಿಹೋಗಿ ಬಿಳಿ ಕಾರಿನ ಬಾಗಿಲು ತೆರೆದು ಮೂಗು ತೂರಿಸಿ ಬಂದ. “ಕಂಬಳಿಯೇ! ಕುರಿ ವಾಸ್ನೆಗೆ ತಲೆ ಸುತ್ತ್‌ಹೋಗ್ತದೆ!” ಎಂದು ಸಾರಿದ.

ತೀರ್ಪು ನಿಂತಿತು. ಅದನ್ನು ಕೊಟ್ಟವನು ಪೆರಿಯಸಾಮಿಯೇ, ಸಾಕ್ಷಿ ಊರೇ.

“ಅಯ್ಯೋ ಅಣ್ಣಾ!” ಸುಬ್ಬುಲಕ್ಷ್ಮಿ ಈಗ ಹಣೆ ಚಚ್ಚಿಕೊಂಡು ಮುಂದೆ ಬಂದಳು. “ನಿನ್ ಬಾಯಿಗೆ ಬೀಗ ಇಲ್ವಾ? ನಿನ್ ಕಾರೇ ಅಂತ ಯೋಳಕ್ಕೇ ನಾವ್ ಓಡ್ಬಂದಿದ್ದು! ಇವಳು ಬೆಳಿಗ್ಗೆಯಿಂದ ಒಂದೇ ಹಟ. ಕೆಂಪ್ ಕಾರೇ ಬೇಕು, ದೊಡ್ ಮಾಮನ್ ಪಕ್ದಾಗೇ ಕೂತ್ಕೋಬೇಕು ಅಂತ.”

ಯುವಶ್ರೀಗೆ ಮನೆಮಾತು ಅರ್ಥವಾಗುತ್ತಿತ್ತು; ಆಡಲು ನಾಲಗೆ ತಡವರಿಸುತ್ತಿತ್ತು. ಆದರೂ ಆ ಹುಡುಗಿ ಕಷ್ಟಪಟ್ಟು ಕನ್ನಡದಲ್ಲೇ ಹೇಳಿದಳು: “ತಗ್ಡು ಇದ್ರೇನ್ ಮಾಮಾ? ನಾ ಕಾಲ್ ನೋಡಲ್ಲ. ಆಕಾಸ ನೋಡ್ತೀನಿ. ಆ ಕಾರಲ್ಲಿ ತಾನೇ ಮೇಲೆ ಆಕಾಸ ಕಾಣೋದು?”

ಪೆರಿಯಸಾಮಿ ಅತ್ತೆಯ ಮುಖ ನೋಡಿದ. ಕಾಳಿಯಮ್ಮಾಳ್ ಬರಿದಾದ ಚೊಂಬನ್ನು ಎತ್ತಿಕೊಂಡು ತಲೆಯಾಡಿಸಿದಳು. ಆಡಿದ ಮಾತು ಆಡಿದ್ದೇ. ಸುಳ್ಳು ಕಂಬಳಿಯ ಮೇಲೆ ಕುಳಿತು ಕೊಟ್ಟ ತೀರ್ಪಾದರೂ, ಕೇಳಿದವರು ನಂಬಿ ಕೇಳಿದ್ದರು. ಅದನ್ನು ಮುರಿದರೆ ಮೂಕಯ್ಯನ ಬಳ್ಳಿಯ ಜಗಳವೂ ಮತ್ತೆ ಚಿಗುರುತ್ತಿತ್ತು.

ಜನರೆಲ್ಲ ನಿಜವಾದ ಕಂಬಳಿಯನ್ನು ನೋಡಲು ಬಿಳಿ ಕಾರಿನತ್ತ ಸರಿದರು. ಸುಬ್ಬುಲಕ್ಷ್ಮಿ ಕಣ್ಣೊರೆಸಿಕೊಳ್ಳುತ್ತ ಮಗಳನ್ನು ಕರೆದುಕೊಂಡು ಹೋದಳು. ಬೇವಿನ ಮರದಡಿ ಪೆರಿಯಸಾಮಿ, ಪಾಂಡೀಶ್ವರಿ, ವಿಘ್ನೇಶ್ವರನ್ ಮೂವರೇ ಉಳಿದರು.

“ಏಳ್ರೀ, ಊಟಕ್ ಬರ್ರೀ,” ಎಂದಳು ಹೆಂಡತಿ, ಮೆತ್ತಗೆ.

“ಏಳಕ್ಕಾಗಲ್ಲ ಕಣೇ,” ಎಂದ ಪೆರಿಯಸಾಮಿ, ಆ ದಿನ ಮೊದಲ ಬಾರಿಗೆ ಸತ್ಯ ನುಡಿಯುತ್ತ.

ವಿಘ್ನೇಶ್ವರನ್ ಅವನ ಬೆನ್ನ ಹಿಂದೆ ಬಗ್ಗಿ ನೋಡಿದ. ಕತ್ತರಿ ಕೈಗೆತ್ತಿಕೊಂಡು, ಬಹಳ ವಿನಯದಿಂದ, ಅಂಗಿಯ ಬೆನ್ನನ್ನು ಮೇಲಿನಿಂದ ಕೆಳಕ್ಕೆ ಸೀಳಿದ. ಪಂಚೆಯ ಸರದಿ ಬಂದಾಗ ಪಾಂಡೀಶ್ವರಿ ಬೀದಿಗೆ ಅಡ್ಡವಾಗಿ ಸೆರಗು ಹಿಡಿದು ನಿಂತಳು. ಮದುವೆಯ ದಿನ ಬಿಳಿ ಕಾರು ಮದುಮಗಳನ್ನು ಹೊತ್ತು ಮುಂದೆ ಹೋಯಿತು. ಒಳಗಿನ ಕುರಿವಾಸನೆಗೆ ಯುವಶ್ರೀ ಮೂಗಿಗೆ ಮಲ್ಲಿಗೆ ಹಿಡಿದುಕೊಂಡಿದ್ದಳು. ಕೆಂಪು ಕಾರು ಹಿಂದಿನಿಂದ ಬಂದಿತು. ಅದರ ಪಕ್ಕದ ಆಸನದಲ್ಲಿ ಒಂದು ಬಾಳೆಗೊನೆ ಆಕಾಶ ನೋಡುತ್ತ ಕುಳಿತಿತ್ತು.

ಪೆರಿಯಸಾಮಿಯನ್ನು ನೋಡಿ ನಕ್ಕಿರಷ್ಟೆ? ನಗುವ ಹಕ್ಕು ನಮಗೆ ಅಷ್ಟು ಸುಲಭವಾಗಿ ದಕ್ಕಬಾರದು. ಆದ್ದರಿಂದ, ಓದುಗರೇ, ಒಂದು ವಿನಂತಿ. ಈ ಪುಟ ಮಡಚಿ ಈಗಲೇ ಏಳಿ. ಯಾರ ಮನೆಯ ಯಾವ ವಸ್ತು ನಿಮ್ಮ ನಿದ್ದೆ ಕೆಡಿಸಿದೆಯೋ, ನೇರವಾಗಿ ಅವರಲ್ಲಿಗೆ ಹೋಗಿ, ‘ತುಂಬ ಚೆನ್ನಾಗಿದೆ’ ಎಂದು ಬಾಯಿ ಬಿಟ್ಟು ಹೇಳಿ ಬನ್ನಿ. ಒಬ್ಬರೇ ಹೋಗಿ. ಹೆಂಡತಿಯನ್ನೋ ಗಂಡನನ್ನೋ ಜೊತೆಗೆ ಕರೆದೊಯ್ದರೆ, ಹಿಂತಿರುಗುವ ದಾರಿಯಲ್ಲೇ ಅದು ನಿಮಗೂ ಬೇಕೆನಿಸಿಬಿಡುತ್ತದೆ.